ಎಡಗೈಯ ಪುಣ್ಯ

ಕಳೆದ ಸಂಚಿಕೆಯಲ್ಲಿ ನಾವು ಬಾಡಿಗೆ ಮನೆಗಳ ನೀರಿನ ಪುರಾಣವನ್ನು ಹೇಳಿ, ಮುಂದಿನ ಸಲ ಹಬ್ಬದ ಅಡಿಗೆಯ ವಿಷಯ ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತು ತಪ್ಪಿದೆ, ಕ್ಷಮಿಸಬೇಕು. ಹೋಳಿಗೆಗೆ ಬೇಳೆ ಎಷ್ಟು, ಬೆಲ್ಲ ಎಷ್ಟು ಎಂಬ ಚರ್ಚೆಯನ್ನು ಮುಂದಕ್ಕೆ ಹಾಕಿ ಈ ಸಲ ಸೈಕಲ್ಲು ಮೋಟಾರುಗಳ ಮಾತಾಡುತ್ತೇವೆ. ಅದಕ್ಕೆ ಕಾರಣವಿದೆ. ಆ ಕಾರಣವನ್ನು ಹೇಳಲು ಸ್ವಲ್ಪ ಸಂಕೋಚವೂ ಇದೆ. ಆದ್ದರಿಂದ ಮೊದಲು ಊರಿನ ಮಾತು, ಆಮೇಲೆ ನಮ್ಮ ಮಾತು.

ಯೆರವಡಾದಲ್ಲಿ ಮನೆ ಎಂದೊಡನೆ ಊರ ಕಡೆಯ ನಂಟರು ನಗುತ್ತಾರೆ. “ಒಳಗೋ, ಹೊರಗೋ?” ಎಂದು ಕೇಳುತ್ತಾರೆ. ದೊಡ್ಡ ಸೆರೆಮನೆಯಿರುವ ಊರಿನಲ್ಲಿ ಸಂಸಾರ ಹೂಡಿದವರಿಗೆ ಈ ವಿನೋದ ತಪ್ಪಿದ್ದಲ್ಲ. ಆದರೆ ಇದು ಗಾಂಧೀಜಿಯವರನ್ನು ಕಂಡ ಊರು. 1932ರ ಪುಣೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯ ಸೆರೆಮನೆಯಲ್ಲಿ. ಪೆಟ್ಟಿಗೆಯಲ್ಲಿ ಮಡಿಸಿ ಒಯ್ಯಬಹುದಾದ ಚರಕಕ್ಕೆ ‘ಯೆರವಡಾ ಚಕ್ರ’ವೆಂಬ ಹೆಸರು ಬಂದದ್ದೂ ಈ ಊರಿನಿಂದಲೇ. ಹೀಗಾಗಿ ಚಕ್ರಕ್ಕೂ ನಮ್ಮ ಊರಿಗೂ ಹಳೆಯ ನಂಟೆಂದು ನಾವು ಹೆಮ್ಮೆ ಪಡುವುದುಂಟು. ಆದರೆ ಆ ಚಕ್ರ ಕುಳಿತಲ್ಲೇ ತಿರುಗಿ ನೂಲು ಕೊಡುತ್ತಿತ್ತು. ಇಂದು ಅಹಿಲ್ಯಾನಗರದ ಕಡೆಗೆ ಹೋಗುವ ನಗರ್ ರೋಡಿನ ಮೇಲೆ ತಿರುಗುವ ಚಕ್ರಗಳ ಸ್ವಭಾವ ಬೇರೆ.

ಪುಣೆಗೆ ‘ಸೈಕಲ್ಲುಗಳ ಊರು’ ಎಂಬ ಬಿರುದು ಒಂದು ಕಾಲಕ್ಕೆ ಇತ್ತು. ನಮ್ಮ ಸಂಘದ ಹಿರಿಯರು ಆ ಕಾಲವನ್ನು ಕಂಡವರು. ಖಡಕಿಯ ಮದ್ದುಗುಂಡಿನ ಕಾರಖಾನೆ ಬಿಡುವ ಹೊತ್ತಿಗೆ ರಸ್ತೆಯ ತುಂಬ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತಂತೆ. ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕು. ರಾತ್ರಿ ದೀಪವಿಲ್ಲದೆ ಹೊರಟರೆ ಪೊಲೀಸನ ಕೈಗೆ ಸಿಕ್ಕಿ ದಂಡ ತೆರಬೇಕು. ಹಿಂದೆ ಗೆಳೆಯನನ್ನು ಕೂರಿಸಿಕೊಂಡರೆ ಡಬಲ್ ಸವಾರಿಯ ಅಪರಾಧ. ಪೊಲೀಸನನ್ನು ದೂರದಿಂದಲೇ ಕಂಡು, ಇಳಿದು ಸಾಧುಗಳಂತೆ ಸೈಕಲ್ಲು ತಳ್ಳಿಕೊಂಡು ಹೋದ ಕಥೆಗಳನ್ನು ಹಿರಿಯರು ಇಂದಿಗೂ ನಗುತ್ತ ಹೇಳುತ್ತಾರೆ. ಮುಂದೆ ಆಕುರ್ಡಿಯಲ್ಲಿ ಸ್ಕೂಟರು, ಪಿಂಪ್ರಿಯಲ್ಲಿ ಲಾರಿ ತಯಾರಾಗತೊಡಗಿದವು. ಸೈಕಲ್ಲಿನವರು ಸ್ಕೂಟರಿಗೆ ಏರಿದರು, ಸ್ಕೂಟರಿನವರು ಕಾರಿಗೆ ಏರಿದರು. ಏರದೆ ಉಳಿದ ಸೈಕಲ್ಲಿನವನು ಮಾತ್ರ ರಸ್ತೆಯ ಅಂಚಿಗೆ ಸರಿದ.

ಈಗ ಸೈಕಲ್ಲು ತುಳಿಯುವವರಲ್ಲಿ ಎರಡು ಪಂಗಡ. ಬೆಳಗಿನ ಜಾವ ಶಿರಸ್ತ್ರಾಣ ಧರಿಸಿ, ನಮ್ಮ ಎರಡು ತಿಂಗಳ ಸಂಬಳ ಬಾಳುವ ಸೈಕಲ್ಲೇರಿ ಆರೋಗ್ಯಕ್ಕಾಗಿ ಹೊರಡುವವರು ಒಂದು ಪಂಗಡ. ಪತ್ರಿಕೆ ಹಾಕುವ ಹುಡುಗ, ರಾತ್ರಿ ಪಾಳಿಯ ಕಾವಲುಗಾರ, ಕಟ್ಟಡದ ಕೆಲಸದ ಗೌಂಡಿ, ಇವರದು ಇನ್ನೊಂದು ಪಂಗಡ. ಇವರು ತುಳಿಯುವುದು ಹೊಟ್ಟೆಗಾಗಿ. ಮೊದಲಿನವರು ಬೆಳಕು ಹರಿದು ಗದ್ದಲ ಏರುವಷ್ಟರಲ್ಲಿ ಮನೆ ಸೇರುತ್ತಾರೆ. ಎರಡನೆಯವರು ಗದ್ದಲದ ಹೊತ್ತಿಗೇ ಹೊರಡಬೇಕು, ಕತ್ತಲಾದ ಮೇಲೆ ಹಿಂದಿರುಗಬೇಕು.

ನಾವೂ ಹತ್ತು ವರ್ಷ ಈ ಎರಡನೆಯ ಪಂಗಡಕ್ಕೇ ಸೇರಿದ್ದೆವು. ಮುಳಾ-ಮುಠಾ ಹೊಳೆಯನ್ನು ಬಂಡ್ ಗಾರ್ಡನ್ನಿನ ಬಳಿ ದಾಟಿ ದಿನವೂ ಕಚೇರಿಗೆ ಸೈಕಲ್ಲಿನ ಮೇಲೆಯೇ ಹೋಗಿ ಬಂದೆವು. ಆಗ ಮೋಟಾರಿನವರ ಬಗ್ಗೆ ನಮ್ಮ ಅಭಿಪ್ರಾಯವನ್ನು ಕುಟುಂಬದ ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ಹಿಂದಿನಿಂದ ಹಾರನ್ನು ಕಿರುಚಿದರೆ ಎದೆ ಝಲ್ಲೆನ್ನುತ್ತಿತ್ತು. ಅಂಚಿಗೆ ಸರಿ ಎನ್ನುತ್ತಾರಲ್ಲ, ಆ ಅಂಚಿನಲ್ಲಿ ಏನಿದೆ ಎಂದು ಅವರಿಗೇನು ಗೊತ್ತು! ರಸ್ತೆಯ ಉಸುಕೆಲ್ಲ ಬಂದು ಸೇರುವುದು ಅಲ್ಲಿ. ಮಳೆನೀರು ನಿಲ್ಲುವುದು ಅಲ್ಲಿ. ಚರಂಡಿಯ ಮುಚ್ಚಳ ಅರ್ಧ ಗೇಣು ತಗ್ಗಿರುವುದೂ ಅಲ್ಲಿಯೇ. ಸೈಕಲ್ಲಿನವನು ಹಾವಿನಂತೆ ಹರಿದಾಡುತ್ತಾನೆಂದು ಮೋಟಾರಿನವರು ದೂರುತ್ತಾರೆ. ಅವನು ಹರಿದಾಡುವುದು ವಿಲಾಸಕ್ಕಲ್ಲ. ಮುಂದಿನ ತಗ್ಗು ಅವನಿಗೆ ಕಾಣುತ್ತದೆ, ಹಿಂದಿನವರಿಗೆ ಕಾಣುವುದಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಸಾಲ ಮಾಡಿ ಒಂದು ಹಳೆಯ ಕಾರು ಕೊಂಡೆವು. ಆಗ ಒಂದು ವಿಚಿತ್ರ ನಡೆಯಿತು. ಮೂರೇ ತಿಂಗಳಲ್ಲಿ ನಮ್ಮ ಬಾಯಿಂದಲೂ ಅವೇ ಮಾತು ಬರತೊಡಗಿದವು. “ಈ ಸೈಕಲ್ಲಿನವರಿಗೆ ಬುದ್ಧಿಯೇ ಇಲ್ಲ” ಎಂದೆವು ಒಂದು ದಿನ. ಪಕ್ಕದಲ್ಲಿ ಕುಳಿತ ನಮ್ಮ ಶ್ರೀಮತಿಯವರು, “ಅಲ್ರೀ, ಹೋದ ವರ್ಷ ನಿಮಗ ಇತ್ತಲ್ಲಾ ಬುದ್ಧಿ, ಅದು ಕಾರಿನ ಸಾಲಕ್ಕ ಒತ್ತೆ ಬಿತ್ತೇನು?” ಎಂದರು. ನಾವು ನಕ್ಕು ಸುಮ್ಮನಾದೆವು. ಮನುಷ್ಯ ಕುಳಿತ ಆಸನ ಬದಲಾದರೆ ಅವನ ನ್ಯಾಯವೂ ಬದಲಾಗುತ್ತದೆ ಎಂಬುದನ್ನು ಆಗಲೇ ಗಂಭೀರವಾಗಿ ಯೋಚಿಸಬೇಕಾಗಿತ್ತು.

ಇನ್ನು ಸಂಕೋಚದ ಮಾತು. ಈ ಅಂಕಣದಲ್ಲಿ ‘ನಾವು’ ಎಂದರೆ ಒಬ್ಬನೇ ಗುಮಾಸ್ತನೆಂದು ಹಳೆಯ ವಾಚಕರು ಬಲ್ಲರು. ತಪ್ಪು ಹೇಳುವಾಗಲೂ ಬಹುವಚನ ಬಳಸಿದರೆ, ತಪ್ಪನ್ನು ನಾಲ್ಕು ಜನರಿಗೆ ಹಂಚಿದಂತೆ ಕಂಡೀತು. ಹಾಗಲ್ಲ. ತಪ್ಪು ಒಬ್ಬರದೇ.

ಕಳೆದ ವಿಜಯದಶಮಿಯ ಮರುದಿನ ಸಂಜೆ. ಆಯುಧಪೂಜೆಗೆ ಕಾರನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣಿಟ್ಟು ದೃಷ್ಟಿ ತೆಗೆದಿದ್ದೆವು. ಮೂಲೆಯಲ್ಲಿ ನಿಂತ ಹಳೆಯ ಸೈಕಲ್ಲಿಗೆ ಒಂದು ಬೊಟ್ಟು ಕುಂಕುಮ ಮಾತ್ರ ಸಂದಿತ್ತು. ಮಾಲೆ ಇನ್ನೂ ಬಾಡಿರಲಿಲ್ಲ. ಗುಂಜನ್ ಚೌಕದ ಹತ್ತಿರ ಹತ್ತು ರೂಪಾಯಿಯ ಕೊತ್ತಂಬರಿಗಾಗಿ ಕಾರನ್ನು ಎಡಕ್ಕೆ ನಿಲ್ಲಿಸಿದೆವು. ಹಿಂದೆ ನೋಡಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ. ಬಲಗೈಯಿಂದ ಬಾಗಿಲನ್ನು ಒಮ್ಮೆಲೇ ತಳ್ಳಿದೆವು. ದಢ್ ಎಂಬ ಸಪ್ಪಳ. ಒಂದು ಸೈಕಲ್ಲು ಬಾಗಿಲಿಗೆ ಬಡಿದು ರಸ್ತೆಯ ನಡುವಿಗೆ ಉರುಳಿತು. “ಯವ್ವಾ, ಸತ್ತೆನೆಪ್ಪೋ!” ಎಂಬ ಕೂಗು ಕೇಳಿಸಿತು.

ವಾಚಕರೇ, ಪರಊರಿನಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದರೆ ನಾವೆಲ್ಲ ಎಷ್ಟು ಹಿಗ್ಗುತ್ತೇವೆ! ಬಸ್ಸಿನಲ್ಲಿ ಯಾರೋ “ಏನ್ರೀ” ಎಂದರೆ ತಿರುಗಿ ನೋಡಿ ಊರು ಕೇಳುತ್ತೇವೆ. ಆ ಸಂಜೆ ಕೇಳಿದ ಕನ್ನಡಕ್ಕೆ ಮಾತ್ರ ನಮ್ಮ ಮೈಯ ರಕ್ತ ತಣ್ಣಗಾಯಿತು.

ಹಿಂದೆ ಒಂದು ಬಸ್ಸು ಬರುತ್ತಿತ್ತು. ಅದು ಅವರಿಂದ ನಾಲ್ಕು ಮಾರು ದೂರದಲ್ಲಿ ನಿಂತಿತು. ಚಾಲಕ ನಮ್ಮನ್ನು ಬೈಯಲಿಲ್ಲ, ಸುಮ್ಮನೆ ನೋಡಿದ. ಸೈಕಲ್ಲಿನ ಹಿಂದೆ ಅವನು ಸಾಕಷ್ಟು ಅಂತರ ಬಿಟ್ಟು ಬಾರದಿದ್ದರೆ ಈ ಲೇಖನ ಬರೆಯುವ ಧೈರ್ಯ ನಮಗೆ ಎಂದೂ ಬರುತ್ತಿರಲಿಲ್ಲ.

ಬಿದ್ದವರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ ಗೌಂಡಿ. ವಯಸ್ಸು ಐವತ್ತರ ಸುಮಾರು. ಕ್ಯಾರಿಯರಿನ ಚೀಲದಿಂದ ಕರಣಿ, ಓಳಂಬದ ಗುಂಡು, ಖಾಲಿ ಬುತ್ತಿಯ ಡಬ್ಬಿ ಹೊರಗೆ ಚೆಲ್ಲಿದ್ದವು. ನಮ್ಮ ಶ್ರೀಮತಿಯವರು “ಅಣ್ಣಾರ, ಪೆಟ್ಟು ಎಲ್ಲಿ ಹತ್ತೇದ್ರೀ?” ಎಂದು ಕೇಳಿದಾಗ ಅವರು ನೋವಿನಲ್ಲೂ ಬೆರಗಾದರು. “ನೀವೂ ನಮ್ಮ ಕಡೀಯವರೇ ಏನವ್ವಾ?” ಎಂದರು. ಆಮೇಲೆ ನಮ್ಮತ್ತ ತಿರುಗಿ ಒಂದೇ ಮಾತು ಹೇಳಿದರು: “ಹಿಂದ ನೋಡಿ ಬಾಗ್ಲಾ ತೆಗೀಬೇಕಲ್ರೀ ಸಾಹೇಬ್ರ.” ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬಲ ಮುಂಗೈಯ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರು. ಕರಣಿ ಹಿಡಿಯುವ ಕೈಯೇ ಅದು. ದಿನಗೂಲಿಯವರಿಗೆ ಆರು ವಾರವೆಂದರೆ ಏನು? ನಮ್ಮಂಥವರಿಗೆ ಕೈ ಮುರಿದರೆ ವೈದ್ಯಕೀಯ ರಜೆ ಇದೆ, ತಿಂಗಳಾದರೆ ಸಂಬಳ ಇದೆ. ಅವರಿಗೆ ಕೈ ನಿಂತ ದಿನವೇ ಗಳಿಕೆಯೂ ನಿಲ್ಲುತ್ತದೆ. ಇಪ್ಪತ್ತು ದಿನಕ್ಕೆ ದೀಪಾವಳಿ. ಊರಿನಲ್ಲಿ ಹೆಂಡತಿ ಮಕ್ಕಳು ದಾರಿ ಕಾಯುತ್ತಿದ್ದರು.

“ಪೊಲೀಸ್ ಗಿಲೀಸ್ ಬ್ಯಾಡ್ರಿ, ಸುಮ್ಮನ ತ್ರಾಸು” ಎಂದು ಅವರೇ ಹೇಳಿದರು. ಇನ್ನೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಮಾತು ಕೇಳಿ ನಮಗೆ ಒಳಗೊಳಗೇ ಹಾಯೆನಿಸಿತು. ಸರಕಾರಿ ನೌಕರನಿಗೆ ಠಾಣೆಯ ಮೆಟ್ಟಿಲೆಂದರೆ ಎಷ್ಟು ಭಯವೆಂಬುದು ನಮ್ಮ ಜಾತಿಯವರಿಗೆ ಗೊತ್ತು. ಮನೆಗೆ ಬಂದ ಮೇಲೆ ಶ್ರೀಮತಿಯವರು ಊಟಕ್ಕೆ ಬಡಿಸಿದರು, ಮಾತಾಡಲಿಲ್ಲ. ಕೊನೆಗೆ, “ಅವರು ಬ್ಯಾಡ ಅಂದದ್ದು ನಿಮ್ಮ ಮ್ಯಾಲಿನ ಪ್ರೀತಿಗಲ್ಲ, ಪೊಲೀಸರ ಅಂಜಿಕಿಗೆ. ಅದನ್ನ ನೀವು ಲಾಭಾ ಮಾಡ್ಕೋತೀರೇನು?” ಎಂದರು. ಅಪಘಾತವಾದರೆ ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದೂ, ಇಪ್ಪತ್ನಾಲ್ಕು ತಾಸಿನೊಳಗೆ ಠಾಣೆಗೆ ತಿಳಿಸುವುದೂ ಚಾಲಕನ ಕರ್ತವ್ಯವೆಂದು 1988ರ ಮೋಟಾರು ವಾಹನ ಕಾಯದೆ ಹೇಳುತ್ತದೆ. ಮರುದಿನ ಬೆಳಿಗ್ಗೆ ಹೋಗಿ ತಿಳಿಸಿದೆವು. ಆಸ್ಪತ್ರೆಯ ಖರ್ಚನ್ನೂ ಆರು ವಾರದ ಕೂಲಿಯನ್ನೂ ಕೊಟ್ಟೆವು. ಇದು ಔದಾರ್ಯವಲ್ಲ, ಸಾಲ ತೀರಿಸಿದ್ದು. ಅದೂ ಪೂರ್ತಿ ತೀರಿಲ್ಲ. ಕೈ ಕೂಡಿದೆಯಾದರೂ ಚಳಿ ಬಿದ್ದ ಮುಂಜಾನೆ ನೋಯುತ್ತದೆಯಂತೆ.

ಅಂದಿನಿಂದ ಈ ವಿಷಯದಲ್ಲಿ ಓದಿದ್ದನ್ನೂ, ನಮ್ಮ ಹಳೆಯ ಸೈಕಲ್ಲನ್ನು ಮತ್ತೆ ಹೊರತೆಗೆದು ಕಂಡದ್ದನ್ನೂ ವಾಚಕರ ಮುಂದಿಡುತ್ತೇವೆ.

ಮೊದಲನೆಯದು ಬಾಗಿಲು. ಸಾಧಾರಣವಾಗಿ ತುಳಿಯುವ ಸೈಕಲ್ಲು ಕೂಡ ಒಂದು ಸೆಕೆಂಡಿನಲ್ಲಿ ನಾಲ್ಕು ಮೀಟರು ಸಾಗುತ್ತದೆ. ಬಾಗಿಲು ತೆರೆಯಲು ಬೇಕಾದದ್ದು ಅದೇ ಒಂದು ಸೆಕೆಂಡು. ಸವಾರ ಎಷ್ಟು ಜಾಣನಾದರೂ ಆ ಅಂತರದಲ್ಲಿ ಏನು ಮಾಡಿಯಾನು? ಸೈಕಲ್ಲಿನ ನಾಡಾದ ನೆದರ್ಲೆಂಡಿನ ಹೆಸರಿನಿಂದಲೇ ಕರೆಯುವ ಒಂದು ರೂಢಿಯಿದೆ: ಬಾಗಿಲಿಗೆ ಹತ್ತಿರದ ಕೈಯನ್ನು ಬಿಟ್ಟು ದೂರದ ಕೈಯಿಂದ ತೆರೆಯುವುದು. ನಮ್ಮ ದೇಶದಲ್ಲಿ ಚಾಲಕ ಬಲಗಡೆ ಕೂರುತ್ತಾನೆ, ಆದ್ದರಿಂದ ಅವನು ಎಡಗೈಯಿಂದ ತೆರೆಯಬೇಕು. ಹಾಗೆ ಮಾಡಿದೊಡನೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಯತ್ತ, ಹಿಂದಿನ ರಸ್ತೆಯತ್ತ ಹೊರಳುತ್ತದೆ. ಎಡಗಡೆ ಕುಳಿತವರು ಬಲಗೈ ಬಳಸಬೇಕು. ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ರಸ್ತೆಯ ನಿಯಮಗಳ ಪುಸ್ತಕವನ್ನು ತಿದ್ದಿದಾಗ ಈ ಮಾತನ್ನು ಸೇರಿಸಿದರು. ಖರ್ಚು ಒಂದು ಕಾಸೂ ಇಲ್ಲ.

ಎರಡನೆಯದು ಅಂತರ. ಅದೇ ಬ್ರಿಟಿಷ್ ಪುಸ್ತಕದ ಪ್ರಕಾರ ಸೈಕಲ್ಲನ್ನು ದಾಟುವಾಗ ಕನಿಷ್ಠ ಒಂದೂವರೆ ಮೀಟರು ಜಾಗ ಬಿಡಬೇಕು, ವೇಗ ಹೆಚ್ಚಿದಂತೆ ಜಾಗವೂ ಹೆಚ್ಚಬೇಕು. ನಮ್ಮ ರಸ್ತೆಯಲ್ಲಿ ಅಷ್ಟು ಜಾಗ ಎಲ್ಲಿದೆ ಎಂದು ಕೇಳಬಹುದು. ಜಾಗ ಇಲ್ಲದಲ್ಲಿ ದಾಟಬಾರದು, ಅಷ್ಟೇ. ಅವನ ಹಿಂದೆ ಅರ್ಧ ನಿಮಿಷ ಹೋದರೆ ನಮ್ಮ ಕಚೇರಿಯೇನೂ ಮುಳುಗುವುದಿಲ್ಲ. ನಾವು ಮೊದಲೇ ಹೋಗಿ ಮುಂದಿನ ಸಿಗ್ನಲ್ಲಿನಲ್ಲಿ ನಿಂತಾಗ ಅವನು ಬಂದು ಪಕ್ಕದಲ್ಲೇ ನಿಲ್ಲುತ್ತಾನೆ. ಇದನ್ನು ಎಲ್ಲರೂ ಕಂಡಿದ್ದಾರೆ.

ಮೂರನೆಯದು ವೇಗ. ಗಂಟೆಗೆ 30 ಕಿಲೋಮೀಟರು ಹೋಗುವ ಮೋಟಾರು, ಚಾಲಕನ ಕಣ್ಣು ಕಂಡು ಕಾಲು ಬ್ರೇಕನ್ನು ಮುಟ್ಟುವ ಒಂದು ಸೆಕೆಂಡಿನಲ್ಲಿ ಎಂಟು ಮೀಟರು ದಾಟಿರುತ್ತದೆ. ಅರವತ್ತರಲ್ಲಿ ಅದು ಹದಿನಾರು ಮೀಟರಿಗೂ ಹೆಚ್ಚು. ಬ್ರೇಕು ಹಿಡಿದ ಮೇಲೆ ಜಾರುವ ದೂರವಾದರೋ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ವೇಗದ ಮದ ಏನು ಮಾಡುತ್ತದೆಂಬುದನ್ನು ನಮ್ಮ ನೆರೆಯ ಕಲ್ಯಾಣಿನಗರ 2024ರ ಮೇ 19ರ ನಸುಕಿನಲ್ಲಿ ಕಂಡಿತು. ಮೋಟಾರು ಸೈಕಲ್ಲಿನ ಮೇಲಿದ್ದ ಇಬ್ಬರು ಎಳೆಯ ಇಂಜಿನಿಯರರು ಕಾರಿನ ಡಿಕ್ಕಿಗೆ ಪ್ರಾಣ ಬಿಟ್ಟರು. ಇಡೀ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯ ಮೇಲೆ ಸತ್ತವರು 1,68,491 ಜನ. ದಿನಕ್ಕೆ ನಾನೂರ ಅರವತ್ತರಷ್ಟು.

ಇಷ್ಟು ಹೇಳಿದ ಮೇಲೆ ಸೈಕಲ್ಲಿನವರಿಗೂ ಎರಡು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಆ ಗೌಂಡಿಯವರೇ ಮುಂದೊಂದು ದಿನ, “ನನ್ನ ಗಾಡಿಗೂ ದೀಪಾ ಇರಲಿಲ್ಲ ಬಿಡ್ರಿ” ಎಂದರು. ಹಿಂದಿನ ಕಾಲದಲ್ಲಿ ಪೊಲೀಸನ ಭಯಕ್ಕೆ ಹಚ್ಚುತ್ತಿದ್ದ ದೀಪವನ್ನು ಈಗ ಪ್ರಾಣದ ಭಯಕ್ಕಾದರೂ ಹಚ್ಚಬೇಕು. ದೂರದ ಚೌಕಕ್ಕೆ ಹೋಗಿ ತಿರುಗುವ ಬೇಸರಕ್ಕೆ ಎದುರು ದಿಕ್ಕಿನಲ್ಲಿ ಬರಕೂಡದು. ನಿಂತ ಕಾರುಗಳ ಸಾಲಿನಿಂದ ಒಂದು ಬಾಗಿಲಿನಷ್ಟು ದೂರ ಉಳಿದೇ ತುಳಿಯಬೇಕು. ತಿರುಗುವ ಮೊದಲು ಕೈ ಚಾಚಿ ತೋರಿಸಬೇಕು. ಬಸ್ಸು ಲಾರಿಗಳ ಎಡ ಮಗ್ಗುಲಿಗೆ ನುಸುಳುವುದಂತೂ ಯಮನ ಬಾಯಿಗೆ ತಲೆ ಕೊಟ್ಟಂತೆ. ಬಲಗಡೆ ಎತ್ತರದಲ್ಲಿ ಕುಳಿತ ಚಾಲಕನಿಗೆ ಆ ಮಗ್ಗುಲು ಸರಿಯಾಗಿ ಕಾಣುವುದಿಲ್ಲ. ಉದ್ದ ವಾಹನ ಎಡಕ್ಕೆ ತಿರುಗುವಾಗ ಹಿಂದಿನ ಗಾಲಿ ಮುಂದಿನ ಗಾಲಿಯ ದಾರಿ ಹಿಡಿಯದೆ ಒಳಗೆ ಕೊಯ್ದುಕೊಂಡು ಬರುತ್ತದೆ. ಮಳೆಗಾಲದಲ್ಲಿ ಸೈಕಲ್ಲಿನ ರಿಮ್ಮು ನೆನೆದರೆ ಬ್ರೇಕು ಹಿಡಿಯುವುದು ನಿಧಾನ. ಆಗ ಮೆಲ್ಲಗೆ ಹೋಗುವುದೊಂದೇ ಉಪಾಯ.

ಆದರೂ ತಪ್ಪನ್ನು ಎರಡು ತಟ್ಟೆಯಲ್ಲಿ ಸಮನಾಗಿ ತೂಗಿ ಕೈ ತೊಳೆದುಕೊಳ್ಳುವಂತಿಲ್ಲ. ಸೈಕಲ್ಲಿನವನು ತಪ್ಪಿದರೆ ಹೋಗುವುದು ಅವನ ಜೀವ. ಮೋಟಾರಿನವನು ತಪ್ಪಿದರೂ ಹೋಗುವುದು ಅವನದೇ. ನಮ್ಮ ಕಾರಿನ ಬಾಗಿಲಿಗೆ ಆದದ್ದು ಅಂಗೈಯಷ್ಟು ತಗ್ಗು ಮಾತ್ರ. ಹೀಗಿರುವಾಗ ಹೆಚ್ಚು ಭಾರದ ವಾಹನದವನಿಗೆ ಹೆಚ್ಚು ಜವಾಬ್ದಾರಿ ಎಂಬುದು ನ್ಯಾಯ. 2017ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ಚಾಲನೆಯ ನಿಯಮಾವಳಿಯೂ ಕಾಲ್ನಡಿಗೆಯವರು, ಸೈಕಲ್ಲಿನವರು, ಮಕ್ಕಳು, ಮುದುಕರು ಇವರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತದೆ.

ಊರಿನ ಆಡಳಿತಕ್ಕೂ ಇದರಲ್ಲಿ ಪಾಲುಂಟು. ಪುಣೆ ಮಹಾನಗರಪಾಲಿಕೆ 2017ರ ಡಿಸೆಂಬರಿನಲ್ಲಿ ಸೈಕಲ್ಲುಗಳಿಗಾಗಿ ಒಂದು ಸಮಗ್ರ ಯೋಜನೆಯನ್ನು ಒಪ್ಪಿತು. ಅದೇ ವರ್ಷದ ಜೂನಿನಲ್ಲಿ ನಮ್ಮ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಆರಂಭವಾಗಿತ್ತು. ಯೋಜನೆ ಕಾಗದದಿಂದ ರಸ್ತೆಗೆ ಇಳಿಯಲು ಎಷ್ಟು ಕಾಲ ಬೇಕೆಂಬುದನ್ನು ಕಾಗದದಲ್ಲೇ ಬಾಳುವ ನಮ್ಮಂಥ ಗುಮಾಸ್ತರಿಗೆ ಯಾರೂ ಹೇಳಬೇಕಾಗಿಲ್ಲ. ಹಾಕಿದ ಸೈಕಲ್ ಪಥದ ಮೇಲೂ ಕಾರು ನಿಲ್ಲಿಸುವವರು ನಾವೇ. ನೆದರ್ಲೆಂಡಿನಲ್ಲಿ 1971ರಲ್ಲಿ ರಸ್ತೆಯ ಮೇಲೆ 3,300 ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ತಾಯಿತಂದೆಯರು ಬೀದಿಗೆ ಬಂದ ಮೇಲೆಯೇ ಅಲ್ಲಿಯ ರಸ್ತೆಗಳು ಬದಲಾದವು. ಸೈಕಲ್ಲಿನ ನಾಡೆಂದು ಹುಟ್ಟಿನಿಂದಲೇ ಯಾರೂ ಹೆಸರು ಪಡೆದು ಬರುವುದಿಲ್ಲ.

ನಾವು ಮಾಡಿದ್ದು ಬಹಳ ಸಣ್ಣದು. ಒಂದು ಭಾನುವಾರ ಶ್ರೀಮತಿಯವರೂ ಸಂಘದ ಇಬ್ಬರು ಗೃಹಿಣಿಯರೂ ಕೂಡಿ ಆ ಗೌಂಡಿಯವರ ಕೋಣೆಗೆ ಹೋದರು. ಅಲ್ಲಿರುವವರು ಏಳು ಜನ, ಎಲ್ಲರೂ ಕನ್ನಡದವರೇ. ಅವರ ಸೈಕಲ್ಲುಗಳ ಹಿಂದಿನ ಮಡ್‌ಗಾರ್ಡಿಗೆ ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ ಬಂದರು. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಬರುವವರು ಹೆಚ್ಚಾಗಿ ಕಾರು ಸ್ಕೂಟರಿನವರು. ಸಭಾಗೃಹ ಕಟ್ಟಿದ ಕೈಗಳು ಎಷ್ಟೋ ಸಲ ಇಂಥವರವು. ಅವರು ಸಭೆಗೆ ಬರುವುದು ಅಪರೂಪ. ನಾವಿಬ್ಬರೂ ಭೇಟಿಯಾಗುವುದು ರಸ್ತೆಯಲ್ಲಿಯೇ. ಅಲ್ಲಿಯಾದರೂ ಆ ಭೇಟಿ ಸುಖವಾಗಿರಲಿ ಎಂಬುದೇ ಈ ಸಲದ ನಮ್ಮ ಪ್ರಾರ್ಥನೆ. ಪಟ್ಟಿಯ ಒಂದು ಸುರುಳಿಗೆ ಹೆಚ್ಚು ಬೆಲೆಯಿಲ್ಲ. ವಾಚಕರು ತಮ್ಮ ಮನೆಗೆ ಹಾಲು, ಪತ್ರಿಕೆ ತರುವವರ ಸೈಕಲ್ಲಿಗೆ ಅಂಟಿಸಿಯಾರೆಂದು ನಂಬಿದ್ದೇವೆ.

ಎಡಗೈಯಿಂದ ಯಾರಿಗೂ ಏನನ್ನೂ ಕೊಡಬಾರದು, ಶುಭಕ್ಕೆ ಎಡಗೈ ಸಲ್ಲದು ಎಂದು ಅಜ್ಜಿ ನಮಗೆ ಕಲಿಸಿದ್ದಳು. ಈಗ ಕಾರಿನಿಂದ ಇಳಿಯುವಾಗ ದಿನವೂ ಅವಳ ಮಾತು ಮೀರುತ್ತಿದ್ದೇವೆ. ಮಗಳು ಹಿಂದಿನ ಆಸನದಿಂದ “ಅಪ್ಪಾ, ಎಡಗೈ!” ಎಂದು ಕೂಗಿ ನೆನಪಿಸುತ್ತಾಳೆ. ಮೊನ್ನೆ ಸಂಕ್ರಾಂತಿಗೆ ಆ ಗೌಂಡಿಯವರು ಅದೇ ಸೈಕಲ್ಲಿನ ಮೇಲೆ ಮನೆಗೆ ಬಂದು ಎಳ್ಳುಬೆಲ್ಲ ಕೊಟ್ಟರು. ಕೊಟ್ಟ ಕೈ ಇನ್ನೂ ಕೊಂಚ ನಡುಗುತ್ತಿತ್ತು. ನಾವು ಎರಡೂ ಕೈ ಒಡ್ಡಿ ತೆಗೆದುಕೊಂಡೆವು.

ಹೋಳಿಗೆಯ ಮಾತು ಮುಂದಿನ ಸಂಚಿಕೆಗೆ.